ಯಂತ್ರಕ್ಕೊಂದು ಹಿಡಿ

ಹಿಡಿ ಸಡಿಲವಾದ ಬಾಣಲೆ ಒಂದಾದರೂ ಇಲ್ಲದ ಮನೆ ಅಪರೂಪ. ಅದನ್ನು ಒಲೆಯಿಂದ ಇಳಿಸುವಾಗ ಮನಸ್ಸಿಗೆ ಆಗುವ ಅಳುಕು ಗೃಹಿಣಿಯರೆಲ್ಲರಿಗೂ ತಿಳಿದುದೇ. ಹಿಡಿಯೇ ಇಲ್ಲದ ಪಾತ್ರೆಯನ್ನು ನಾವು ಇಕ್ಕಳದಿಂದಲೋ ಮಸಿಬಟ್ಟೆಯಿಂದಲೋ ಎಚ್ಚರಿಕೆಯಾಗಿ ಇಳಿಸುತ್ತೇವೆ. ಹಿಡಿಯುಳ್ಳ ಪಾತ್ರೆಯನ್ನಾದರೋ ನಂಬಿ ಎತ್ತುತ್ತೇವೆ. ನಂಬಿದ ಹಿಡಿ ತಿರುಗಿದರೆ ಕಾದ ಎಣ್ಣೆ ಕಾಲಿನ ಮೇಲೆ. ಇಷ್ಟು ಸಾಮಾನ್ಯವಾದ ಮಾತನ್ನು ನಾವು ಅರುವತ್ತು ದಾಟಿದ ಮೇಲೆ, ಮರಗೆಲಸದ ಯಂತ್ರವೊಂದಕ್ಕೆ ಹಿಡಿ ಮಾಡಹೊರಟು, ಹೊಸದಾಗಿ ಕಲಿಯಬೇಕಾಯಿತು. ಆ ಪಾಠ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮರಗೆಲಸ ನಮಗೆ ಜೀವನೋಪಾಯವಲ್ಲ. ಬಿಡುವಿನ ವೇಳೆಯ ಚಪಲ. ಉದ್ಯೋಗದಿಂದ ನಿವೃತ್ತರಾದ ಮೇಲೆ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಕೆಲಸದ ಮೇಜನ್ನು ಹಾಕಿಕೊಂಡು, ಮನೆಯವರು ಬೇಡವೆಂದರೂ ಕೇಳದೆ, ಮಣೆ ಪೀಠ ಪೆಟ್ಟಿಗೆಗಳನ್ನು ಮಾಡುತ್ತ ಬಂದೆವು. ಹೀಗಿರುವಾಗ ಮಗಳು ಚೊಚ್ಚಲ ಬಾಣಂತನಕ್ಕೆ ತೌರಿಗೆ ಬರುವ ಕಾಲ ಸಮೀಪಿಸಿತು. ಅಟ್ಟದ ಮೇಲೆ ನಮ್ಮ ತಂದೆಯವರ ಕಾಲದ ತೇಗದ ತೊಟ್ಟಿಲೊಂದಿತ್ತು. ನಾವೂ ಅದರಲ್ಲಿಯೇ ಆಡಿದವರು. ನಮ್ಮ ಮಗಳೂ ಅದರಲ್ಲಿಯೇ ಆಡಿದವಳು. ಇಳಿಸಿ ನೋಡಿದರೆ ಒಂದು ಪಕ್ಕದ ಹಲಗೆಯನ್ನು ಗೆದ್ದಲು ತಿಂದುಹಾಕಿತ್ತು. ಹೊಸ ತೇಗದ ಹಲಗೆಯನ್ನು ತಂದು ಅಳತೆಗೆ ಕೊಯ್ದು ಸಿದ್ಧಪಡಿಸಿದೆವು. ಉಳಿದುದು ಅಂಚಿನ ಕೆಲಸ. ಕೂಸಿನ ಕೈಯೂ ಕೆನ್ನೆಯೂ ಸೋಕುವ ಅಂಚು ಅದು. ಎಲ್ಲಿಯೂ ಮೂಲೆಯಾಗಲಿ ಸಿಬಿರಾಗಲಿ ಉಳಿಯದಂತೆ ದುಂಡಗೆ ಮಾಡಬೇಕಾಗಿತ್ತು.

ಈ ಕೆಲಸಕ್ಕೆ ಇಂದಿನ ಬಡಗಿಗಳು ಟ್ರಿಮ್ಮರ್ ಎಂಬ ಪುಟ್ಟ ವಿದ್ಯುತ್ ಯಂತ್ರವನ್ನು ಉಪಯೋಗಿಸುತ್ತಾರೆ. ಬೀರು ಬಾಗಿಲುಗಳಿಗೆ ಲ್ಯಾಮಿನೇಟ್ ಹಾಳೆ ಅಂಟಿಸಿದ ಮೇಲೆ ಅದರ ಅಂಚನ್ನು ಸವರುವುದಕ್ಕೆ ಇದನ್ನು ಹಿಡಿದಿರುವುದನ್ನು ವಾಚಕರು ಕಂಡಿರಬಹುದು. ದಪ್ಪನಾದ ಲೋಟದಂತಹ ಒಡಲು. ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ತಳದಲ್ಲಿ ಅಂಗೈಯಗಲದ ಅಡಿಹಲಗೆ. ಅದರ ನಡುವಿನ ರಂಧ್ರದಿಂದ ಕೆಳಕ್ಕೆ ಇಣುಕುವ ಅಲಗು. ಅಲಗು ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಅಂಚನ್ನು ದುಂಡಗೆ ಮಾಡುವ ನಮ್ಮ ಅಲಗಿನ ವ್ಯಾಸ 24 ಮಿಲಿಮೀಟರು. ಲೆಕ್ಕ ಹಾಕಿದರೆ ಅದರ ಬಾಯಿ ಗಂಟೆಗೆ ಸುಮಾರು 135 ಕಿಲೋಮೀಟರು ವೇಗದಲ್ಲಿ ಮರವನ್ನು ತಾಕುತ್ತದೆ. ಇಷ್ಟು ವೇಗದ ವಸ್ತುವಿಗೆ ಪ್ರತ್ಯೇಕವಾದ ಹಿಡಿಯೆಂಬುದೇ ಇಲ್ಲ! ಒಡಲನ್ನೇ ಮುಷ್ಟಿಯಲ್ಲಿ ಹಿಡಿಯಬೇಕು. ದಿನವೂ ಹಿಡಿದು ಪಳಗಿದ ಕೈಗೆ ಅದು ಸಾಕು. ನಮ್ಮ ಬಲಗೈಯ ಹೆಬ್ಬೆರಳ ಕೀಲು ಎರಡು ವರ್ಷಗಳಿಂದ ಬಿಗಿದುಕೊಂಡು, ಚೆಂಬನ್ನು ಬಿಗಿಯಾಗಿ ಹಿಡಿದರೂ ನೋಯುತ್ತಿತ್ತು. ಈ ಸಂಗತಿಯನ್ನು ನಾವು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಜವನ್ನು ಹೇಳುವುದಾದರೆ ನಮಗೆ ನಾವೇ ಹೇಳಿಕೊಂಡಿರಲಿಲ್ಲ.

ಆದುದರಿಂದ ಯಂತ್ರಕ್ಕೆ ಒಂದು ಹಿಡಿ ಕಟ್ಟಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಭಾವಿಸಿದೆವು. ನೀರಿನ ಕೊಳವೆಗಳನ್ನು ಬಿಗಿಯುವ ಉಕ್ಕಿನ ಪಟ್ಟಿಯೊಂದನ್ನು ತಂದು, ಒಡಲಿನ ಸುತ್ತ ಹಾಕಿ, ಅದರ ಕೆಳಗೆ ಮರದ ತುಂಡೊಂದನ್ನು ಪಿಸ್ತೂಲಿನ ಹಿಡಿಯಂತೆ ಕೆತ್ತಿ ಸಿಕ್ಕಿಸಿ, ತಿರುಪನ್ನು ಬಿಗಿದೆವು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಕೈಯಿಂದ ಜಗ್ಗಿ ನೋಡಿದೆವು, ಅಲುಗಲಿಲ್ಲ. ಅಷ್ಟಕ್ಕೇ ಅದು ಭದ್ರವೆಂದು ತೀರ್ಮಾನಿಸಿದುದು ನಮ್ಮ ಮೊದಲನೆಯ ತಪ್ಪು. ಪಟ್ಟಿಯು ಒಡಲಿನ ಗಾಳಿಕಂಡಿಗಳನ್ನು ಅರ್ಧ ಮುಚ್ಚಿದ್ದುದನ್ನು ಗಮನಿಸದೆ ಹೋದುದು ಎರಡನೆಯದು.

ಹಲಗೆಯನ್ನು ಮೇಜಿಗೆ ಬಿಗಿದು ಕೆಲಸ ಆರಂಭಿಸಿದೆವು. ಮೊದಲ ಮೊಳದುದ್ದ ಬೆಣ್ಣೆಯಂತೆ ಬಂದಿತು. ಆ ಸುಖದಲ್ಲಿ ಕೈ ಸಡಿಲಿತು, ಮನಸ್ಸೂ ಸಡಿಲಿತು. ಇತ್ತ ಯಂತ್ರದ ನಡುಕದಿಂದ ಪಟ್ಟಿಯೂ ಎಳ್ಳೆಳ್ಳಾಗಿ ಸಡಿಲವಾಗುತ್ತಿದ್ದಿರಬೇಕು. ಹಲಗೆಯ ಮಧ್ಯಕ್ಕೆ ಬಂದಾಗ ಹಿಡಿ ನಮ್ಮ ಕೈಯಲ್ಲಿಯೇ ಉಳಿದು, ಒಡಲು ಅದರೊಳಗೆ ತಿರುಗಿತು. ಯಂತ್ರ ಹೊರಕ್ಕೆ ವಾಲಿತು. ಅಲಗು ಅಂಚಿನಲ್ಲಿ ಚಂದ್ರನ ಕಲೆಯಂತಹ ಕಚ್ಚೊಂದನ್ನು ತೋಡಿ, ಮೇಜಿನಿಂದ ಆಚೆಗೆ ಜಾರಿತು. ಹಲಗೆಯನ್ನು ಒತ್ತಿ ಹಿಡಿದಿದ್ದ ಎಡಗೈಯ ಹೆಬ್ಬೆರಳಿಗೂ ಅದಕ್ಕೂ ಒಂದು ಬೆರಳಿನ ಅಂತರವಿದ್ದಿತು. ಈ ಯಂತ್ರದ ಸ್ವಿಚ್ಚು ಜಾರುಗುಂಡಿಯದು; ಕೈ ಬಿಟ್ಟರೂ ಅದು ನಿಲ್ಲುವುದಿಲ್ಲ. ತಂತಿಯ ತುದಿಯಲ್ಲಿ ನೇತಾಡುತ್ತ ಗುಯ್ಯೆನ್ನುತ್ತಿದ್ದ ಆ ವಸ್ತುವನ್ನು ಗೋಡೆಯ ಸ್ವಿಚ್ಚಿನಿಂದ ಆರಿಸುವವರೆಗೆ ಕಳೆದ ಕ್ಷಣಗಳನ್ನು ನಾವು ಮರೆಯಲಾರೆವು.

ಸದ್ದು ಕೇಳಿ ಬಂದ ಮನೆಯಾಕೆ ಎಲ್ಲವನ್ನೂ ಒಮ್ಮೆ ನೋಡಿದರು. ಗದರಲಿಲ್ಲ. "ಹಿಡಿ ಅಲುಗುವ ಬಾಣಲೆಯನ್ನು ನಾನು ಹಬ್ಬದ ದಿನ ಒಲೆಗೆ ಇಡುವುದಿಲ್ಲ, ಹಿಡಿಯನ್ನು ಬಿಚ್ಚಿಸಿಬಿಟ್ಟು ಇಕ್ಕಳ ಹಾಕುತ್ತೇನೆ" ಎಂದಷ್ಟೇ ಹೇಳಿ ಒಳಗೆ ಹೋದರು. ಈ ಮಾತು ಮನಸ್ಸಿನಲ್ಲಿ ನಾಟಿತು. ಹಿಡಿಯಿಲ್ಲದೆ ಇದ್ದಿದ್ದರೆ ನಾವು ಎರಡು ಕೈಯಿಂದ ಹೆದರಿ ಹಿಡಿಯುತ್ತಿದ್ದೆವು. ನೆಚ್ಚಿಕೆಯಿಲ್ಲದ ಹಿಡಿ ನಮ್ಮ ಹೆದರಿಕೆಯನ್ನು ಕಳೆದು, ಅದರ ಸ್ಥಾನದಲ್ಲಿ ಏನನ್ನೂ ಇಡಲಿಲ್ಲ. ಕುಲಕ್ಕೆ ಮೃತ್ಯು ಕೊಡಲಿ ಕಾವು ಎಂಬ ಗಾದೆಯುಂಟು. ನಮ್ಮ ಕಾವು ನಮ್ಮ ಕೈಗೇ ಮೃತ್ಯುವಾಗುವುದರಲ್ಲಿತ್ತು.

ಒಂದು ವಾರ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಕೆಲಸವನ್ನೇ ಬಿಟ್ಟುಬಿಡುವುದೋ ಎಂಬ ಯೋಚನೆಯೂ ಬಂದಿತು. ಅನಂತರ ನಮ್ಮ ಬೀದಿಯ ಕೊನೆಯಲ್ಲಿರುವ ವೃದ್ಧ ಬಡಗಿಯೊಬ್ಬರ ಬಳಿಗೆ ಹೋಗಿ, ನಡೆದುದನ್ನೂ ಹೆಬ್ಬೆರಳ ನೋವನ್ನೂ ಮುಚ್ಚಿಡದೆ ಹೇಳಿದೆವು. ಅವರು ಯಂತ್ರವನ್ನು ಮುಟ್ಟಲಿಲ್ಲ. ತಮ್ಮ ಚೀಲದಿಂದ ಒಂದು ಉಳಿಯನ್ನು ತೆಗೆದು ಕೈಗಿತ್ತು, "ಇದರ ಹಿಡಿ ಏಕೆ ಬೀಳುವುದಿಲ್ಲ, ಹೇಳಿ ನೋಡೋಣ" ಎಂದರು. ಉಳಿಯ ಬಾಲ ಹಿಡಿಯ ಮರದೊಳಗೆ ಹೊಕ್ಕಿರುತ್ತದೆ. ಕೊಡತಿಯ ಒಂದೊಂದು ಪೆಟ್ಟೂ ಅದನ್ನು ಇನ್ನಷ್ಟು ಒಳಕ್ಕೆ ಕೂರಿಸುತ್ತದೆ. ಮರ ಸೀಳದಂತೆ ಲೋಹದ ಬಳೆ ಕಾಯುತ್ತದೆ. ಪಿಕಾಸಿಯದೂ ಹಾಗೆಯೇ: ಕಾವಿನ ತುದಿ ದಪ್ಪ, ಬೀಸಿದಷ್ಟೂ ಕಬ್ಬಿಣ ಆ ದಪ್ಪದ ಕಡೆಗೆ ಎಳೆದು ಬಿಗಿಯಾಗುತ್ತದೆ. "ಕೆಲಸವೇ ಹಿಡಿಯನ್ನು ಬಿಗಿಮಾಡಬೇಕು. ನಿಮ್ಮದರಲ್ಲಿ ಕೆಲಸ ಹಿಡಿಯನ್ನು ಬಿಚ್ಚುತ್ತಿತ್ತು" ಎಂದರು ಆ ಹಿರಿಯರು. ಮತ್ತೊಂದು ಮಾತನ್ನೂ ಸೇರಿಸಿದರು: "ನಿಮ್ಮ ಕೈಯಲ್ಲಿ ಬಲ ಕಡಿಮೆಯಾಗಿದೆ. ಇರುವಷ್ಟು ಬಲ ಎಲ್ಲಿ ಬೇಕೋ ಅಲ್ಲಿಗೆ ಹಿಡಿಯನ್ನು ಇಡಿ."

ಮನೆಗೆ ಬಂದು ಈ ಎರಡು ಮಾತುಗಳನ್ನು ಮುಂದಿಟ್ಟುಕೊಂಡು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಯಂತ್ರಗಳ ಚರಿತ್ರೆಯಲ್ಲಿಯೂ ಹಿಡಿಗೆ ಸಣ್ಣ ಸ್ಥಾನವಿಲ್ಲ. ಕೈಯಲ್ಲಿ ಎತ್ತಿ ನಡೆಸಬಹುದಾದ ವಿದ್ಯುತ್ ಬೈರಿಗೆಯನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಕಾರ್ಖಾನೆಯವರು ಮಾಡಿದರು. ಆದರೆ ಅಂತಹ ಬೈರಿಗೆಗೆ ಇಂದು ಮನೆಮನೆಯಲ್ಲಿಯೂ ಕಾಣುವ ರೂಪ ಬಂದುದು, ಅಮೆರಿಕದ ಬಾಲ್ಟಿಮೋರಿನ ಬ್ಲ್ಯಾಕ್ ಮತ್ತು ಡೆಕರ್ ಎಂಬ ಇಬ್ಬರು ಅದಕ್ಕೆ ಪಿಸ್ತೂಲಿನಂತಹ ಹಿಡಿಯನ್ನೂ ಬೆರಳಿನಿಂದ ಒತ್ತುವ ಕುದುರೆಯನ್ನೂ ಇಟ್ಟು 1917ರಲ್ಲಿ ಪೇಟೆಂಟು ಪಡೆದ ಮೇಲೆ. ಆ ಕುದುರೆಯನ್ನು ಬಿಟ್ಟರೆ ಯಂತ್ರ ನಿಲ್ಲುತ್ತದೆ. ನಾವು ಆ ಪಿಸ್ತೂಲಿನ ಆಕಾರವನ್ನು ಮಾತ್ರ ಅನುಕರಿಸಿದೆವು. ಬೈರಿಗೆಯನ್ನು ನೇರವಾಗಿ ಮುಂದಕ್ಕೆ ಒತ್ತಬೇಕು. ಟ್ರಿಮ್ಮರನ್ನು ಪಕ್ಕಕ್ಕೆ ಜಾರಿಸಬೇಕು. ಒಂದರ ಹಿಡಿ ಇನ್ನೊಂದಕ್ಕೆ ಸಲ್ಲದು.

ಅಂಚಿನ ಕೆಲಸದಲ್ಲಿ ಯಂತ್ರಕ್ಕೆ ಬರುವ ಆಪತ್ತು ಯಾವುದು? ವಾಲುವುದು. ಅಲಗಿನ ತುದಿಯಲ್ಲಿ 12 ಮಿಲಿಮೀಟರಿನ ಒಂದು ಬೇರಿಂಗ್ ಚಕ್ರವಿದೆ. ಅದು ಹಲಗೆಯ ಅಂಚಿಗೆ ಒರಗಿ ಉರುಳುತ್ತದೆ. ಎಂದಮೇಲೆ ಅಲಗಿನ ನಡು ಅಂಚಿನಿಂದ 6 ಮಿಲಿಮೀಟರು ಹೊರಗಿರುತ್ತದೆ. ಯಂತ್ರದ ತೂಕವೂ ಹೆಚ್ಚುಕಡಮೆ ಆ ನಡುವಿನ ಗೆರೆಯ ಮೇಲೆಯೇ ಇದೆ. ಆದುದರಿಂದ ಯಾರೂ ಹಿಡಿಯದೆ ಬಿಟ್ಟರೆ ಅದು ತಾನಾಗಿ ಹೊರಕ್ಕೆ ಬೀಳತಕ್ಕದ್ದೇ. ಒಡಲಿನ ಮೇಲ್ಭಾಗದಲ್ಲಿ ಹಿಡಿ ಕಟ್ಟಿ ಪಕ್ಕಕ್ಕೆ ತಳ್ಳಿದೆವೆಂದರೆ ಬೀಳುವುದಕ್ಕೆ ನಾವೇ ನೆರವಾದಂತೆ. ಹಿಡಿ ಎತ್ತರವಾದಷ್ಟೂ ತಳ್ಳುವ ಕೈ ಉರುಳಿಸುವ ಕೈಯಾಗುತ್ತದೆ. ಇದಕ್ಕೆ ಪರಿಹಾರ ಅಡಿಹಲಗೆಯಲ್ಲಿದೆ. ಅದನ್ನು ಒಂದು ಪಕ್ಕಕ್ಕೆ ಉದ್ದ ಮಾಡಿ, ಮರದ ಮೇಲೆ ಕೂರುವ ಆ ಬಾಲದ ತುದಿಯಲ್ಲಿ ತಗ್ಗಾದ ಗುಂಡುಹಿಡಿಯೊಂದನ್ನು ನಿಲ್ಲಿಸಬೇಕು. ಅಲಗಿನ ನಡುವಿನಿಂದ 130 ಮಿಲಿಮೀಟರು ದೂರಕ್ಕೆ ಹಿಡಿಯನ್ನು ಇಟ್ಟರೆ, ಅಂಚಿನಿಂದ ಅದು 124 ಮಿಲಿಮೀಟರು ಒಳಗಿರುತ್ತದೆ. ತಕ್ಕಡಿಯ ಲೆಕ್ಕದಂತೆ ಒಂದೂವರೆ ಕಿಲೋಗ್ರಾಮಿನ ಯಂತ್ರವನ್ನು ಬೀಳದಂತೆ ತಡೆಯಲು ಅಲ್ಲಿ ಬೇಕಾದ ಒತ್ತಡ ಸುಮಾರು 75 ಗ್ರಾಂ, ಅಂದರೆ ಒಂದು ದಪ್ಪ ನಿಂಬೆಹಣ್ಣಿನ ತೂಕ! ಕೈ ಇಟ್ಟರೆ ಸಾಕು, ಹಿಸುಕಬೇಕಾಗಿಲ್ಲ. ನೋಯುವ ಹೆಬ್ಬೆರಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಗಟ್ಟಿಯಾಗಿ ಹಿಸುಕಿ ಹಿಡಿದಷ್ಟೂ ಯಂತ್ರದ ನಡುಕ ಕೈಯ ಕೀಲುಗಳಿಗೆ ಹೆಚ್ಚಾಗಿ ಏರುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಒಡಲಿಗೆ ತೂತು ಕೊರೆದು ಹಿಡಿಯನ್ನು ತಿರುಪಿನಿಂದ ಕೂರಿಸಬಾರದೇ ಎಂದು ಕೆಲವರು ಕೇಳಿಯಾರು. ಕೂಡದು. ನಮ್ಮ ಯಂತ್ರದ ಮೇಲೆ ಚೌಕದೊಳಗೆ ಚೌಕವಿರುವ ಗುರುತಿದೆ. ವಿದ್ಯುತ್ತಿಗೆ ಎರಡು ಪದರ ತಡೆಯಿದೆಯೆಂದು ಅದರ ಅರ್ಥ. ಪ್ಲಾಸ್ಟಿಕ್ ಒಡಲು ಆ ತಡೆಯ ಒಂದು ಭಾಗ. ಅದನ್ನು ಕೊರೆದು ಲೋಹದ ತಿರುಪನ್ನು ಇಳಿಸುವುದೆಂದರೆ ಮನೆಯ ಗೋಡೆಗೆ ಕಳ್ಳಗಿಂಡಿ ಮಾಡಿಕೊಟ್ಟಂತೆ. ಅಡಿಹಲಗೆಯಾದರೆ ಬೇರೆ, ಅದನ್ನು ಬಿಚ್ಚಿ ಬದಲಿಸುವುದಕ್ಕೆಂದೇ ನಾಲ್ಕು ಸಣ್ಣ ತಿರುಪುಗಳಿವೆ.

ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತು, ಅಲಗನ್ನೂ ಕಳಚಿಟ್ಟು, ಹಳೆಯ ಅಡಿಹಲಗೆಯನ್ನು ಬಿಚ್ಚಿದೆವು. ಅದನ್ನು 9 ಮಿಲಿಮೀಟರು ದಪ್ಪದ ಒಳ್ಳೆಯ ಪ್ಲೈವುಡ್ಡಿನ ಮೇಲಿಟ್ಟು, ರಂಧ್ರಗಳ ಸ್ಥಾನವನ್ನು ಮೊನಚಾದ ಪೆನ್ಸಿಲಿನಿಂದ ಗುರುತಿಸಿಕೊಂಡೆವು. ಹೊಸ ಹಲಗೆಯನ್ನು ವೀಳ್ಯದೆಲೆಯ ಆಕಾರಕ್ಕೆ ಕೊಯ್ದೆವು. ಅಗಲವಾದ ಕಡೆ ಯಂತ್ರ, ಕಿರಿದಾದ ತುದಿಯಲ್ಲಿ ಹಿಡಿ. ಹಲಗೆ ದಪ್ಪವಾದಷ್ಟೂ ಅಲಗು ಕೆಳಕ್ಕೆ ಎಟಕುವುದು ಕಡಿಮೆಯಾಗುತ್ತದೆ. ತೆಳುವಾದರೆ ಕೈಯ ಒತ್ತಡಕ್ಕೆ ಬಾಗುತ್ತದೆ. 9 ಮಿಲಿಮೀಟರು ಈ ಎರಡಕ್ಕೂ ನಡುವಣ ಒಪ್ಪಂದ. ಹಳೆಯ ತಿರುಪುಗಳು ಗಿಡ್ಡವಾದುದರಿಂದ ಅದೇ ಮರೆಯ ಉದ್ದನೆಯ ತಿರುಪುಗಳನ್ನು ತಂದು, ಅವುಗಳ ತಲೆ ಹಲಗೆಯ ತಳಕ್ಕಿಂತ ಒಳಗೆ ಅಡಗುವಂತೆ ಕೂರಿಸಿದೆವು. ತಲೆ ಕೂದಲೆಳೆಯಷ್ಟು ಹೊರಗಿದ್ದರೂ ಕೆಲಸದ ಮರದ ಮೇಲೆ ಗೀರು ಬೀಳುತ್ತದೆ.

ಗುಂಡುಹಿಡಿಯ ವಿಷಯದಲ್ಲಿ ನಮ್ಮ ಚಪಲ ಮತ್ತೊಮ್ಮೆ ತಲೆಯೆತ್ತಿತು. ಚನ್ನಪಟ್ಟಣದ ಕಡೆಯ ಕಸಬುದಾರರೊಬ್ಬರು ಹಾಲೆ ಮರದಲ್ಲಿ ಕಡೆದು, ಕೆಂಪು ಅರಗು ಹಚ್ಚಿ, ಗರಿಯಿಂದ ಉಜ್ಜಿ ಕನ್ನಡಿಯಂತೆ ಹೊಳೆಯಿಸಿಕೊಟ್ಟ ಗುಂಡನ್ನು ತಂದೆವು. ಕಣ್ಣಿಗೆ ಹಬ್ಬ, ಬೆವರಿದ ಕೈಗೆ ಜಾರುಬಂಡೆ. ಆಟಿಕೆಗೆ ಒಪ್ಪುವ ನುಣುಪು ಉಪಕರಣಕ್ಕೆ ಒಪ್ಪಲಿಲ್ಲ. ಅದನ್ನು ಹುಟ್ಟುವ ಕೂಸಿಗೆಂದು ಎತ್ತಿಟ್ಟು, ತೇಗದ ತುಂಡೊಂದರಿಂದ ನಾವೇ ಒಂದನ್ನು ಕೆತ್ತಿದೆವು. ಕೈ ಉಪಕರಣಗಳನ್ನು ಆರಿಸುವ ಬಗೆಯನ್ನು ಕುರಿತು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದ ಕೈಪಿಡಿಯೊಂದರಲ್ಲಿ, ಮುಷ್ಟಿಯಲ್ಲಿ ಹಿಡಿಯುವ ಹಿಡಿಯ ದಪ್ಪ ಒಂದೂಕಾಲು ಅಂಗುಲದಿಂದ ಎರಡು ಅಂಗುಲದವರೆಗೆ ಇರಬೇಕೆಂದು ಹೇಳಿದೆ. ನಮ್ಮ ಗುಂಡು ಎರಡು ಅಂಗುಲಕ್ಕೆ ಸ್ವಲ್ಪ ಕಡಿಮೆ. ಅರಗೂ ಇಲ್ಲ, ವಾರ್ನಿಷೂ ಇಲ್ಲ. ಒಂದು ಕೈ ಎಣ್ಣೆ ಮಾತ್ರ.

ಇನ್ನು ಬಿಗಿಯುವ ಬಗೆ. 6 ಮಿಲಿಮೀಟರಿನ ಬೋಲ್ಟನ್ನು ತಳದಿಂದ ಮೇಲಕ್ಕೆ ಗುಂಡಿನ ನಡುವೆ ಹಾಯಿಸಿ, ಮೇಲುಗಡೆಯ ಕುಳಿಯಲ್ಲಿ ಅಗಲವಾದ ವಾಷರನ್ನಿಟ್ಟು, ನೈಲಾನ್ ಬಳೆಯುಳ್ಳ ನಟ್ಟನ್ನು ಬಿಗಿದೆವು. ಸಾಧಾರಣ ನಟ್ಟು ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ಇದರ ನೈಲಾನು ಮರೆಗಳನ್ನು ಕಚ್ಚಿಕೊಂಡಿರುತ್ತದೆ. ಆದರೆ ಒಂದೇ ಬೋಲ್ಟಿನ ಮೇಲೆ ನಿಂತ ಗುಂಡನ್ನು ಕೈ ತಿರುಚಿದಾಗ ಅದು ಬುಗುರಿಯಂತೆ ತಿರುಗಬಹುದು. ಹಿಂದೆ ನಮ್ಮನ್ನು ಕೆಡಿಸಿದುದು ಆ ತಿರುಗಾಟವೇ. ಆದಕಾರಣ ಬೋಲ್ಟಿನಿಂದ ಅರ್ಧ ಅಂಗುಲ ಪಕ್ಕಕ್ಕೆ ಒಂದು ಬಿದಿರಿನ ಆಣಿಯನ್ನು ಗುಂಡಿಗೂ ಹಲಗೆಗೂ ಸೇರಿಸಿ ಹೊಡೆದೆವು. ಬೋಲ್ಟು ಮೇಲಕ್ಕೆ ಏಳಗೊಡುವುದಿಲ್ಲ, ಆಣಿ ತಿರುಗಗೊಡುವುದಿಲ್ಲ. ಕೈ ಒತ್ತಿದಷ್ಟೂ ಗುಂಡು ಹಲಗೆಗೆ, ಹಲಗೆ ಮರಕ್ಕೆ ಬಿಗಿಯಾಗಿ ಕೂರುತ್ತದೆ. ಹಿರಿಯರ ಮಾತು ನಡೆದಂತಾಯಿತು.

ಈ ಸಲ ಜಗ್ಗಿ ನೋಡಿ ನಂಬಿಬಿಡಲಿಲ್ಲ. ನಟ್ಟು, ವಾಷರು, ಗುಂಡು ಮೂರರ ಮೇಲೂ ಹಾಯುವಂತೆ ಬಣ್ಣದಿಂದ ಒಂದೇ ಗೆರೆಯನ್ನು ಎಳೆದೆವು. ನಟ್ಟು ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಇದಕ್ಕೆ ಸಾಕ್ಷಿಗೆರೆಯೆಂದು ಹೆಸರಿಟ್ಟೆವು. ಮೊದಲು ಯಂತ್ರವನ್ನೆಲ್ಲ ಗುಂಡಿನಿಂದಲೇ ಎತ್ತಿ ಕುಲುಕಿದೆವು. ಅನಂತರ ರದ್ದಿ ಹಲಗೆಯ ಮೇಲೆ ಕಾಲು ಗಂಟೆ ಕೆಲಸ ಮಾಡಿ, ತಂತಿ ಕಿತ್ತು, ಗೆರೆಯನ್ನು ನೋಡಿದೆವು. ಮತ್ತೆ ಕಾಲು ಗಂಟೆ, ಮತ್ತೆ ನೋಡಿದೆವು. ಮೂರು ದಿನ ಹೀಗೆ ಮಾಡಿದರೂ ಗೆರೆ ಮುರಿಯಲಿಲ್ಲ. ಆಮೇಲೆಯೇ ತೊಟ್ಟಿಲಿನ ಹಲಗೆಯನ್ನು ಮೇಜಿನ ಮೇಲೆ ಇಟ್ಟುದು.

ಹಿಡಿ ಎಷ್ಟೇ ಭದ್ರವಾಗಿರಲಿ, ಅದು ಮಾಡಲಾರದ ಕೆಲಸಗಳೂ ಉಂಟು. ಎಡಗೈ ಗುಂಡಿನ ಮೇಲೆ, ಬಲಗೈ ಒಡಲಿನ ಮೇಲೆ ಸ್ವಿಚ್ಚಿಗೆ ಎಟಕುವಂತೆ ಇರಬೇಕು. ಎರಡು ಕೈಗೂ ಕೆಲಸವಿದ್ದರೆ ಯಾವ ಕೈಯೂ ಅಲಗಿನ ಬಳಿಗೆ ಹೋಗುವುದಿಲ್ಲ. ಹಲಗೆಯನ್ನು ಹಿಡಿಯುವುದು ಕೈಯ ಕೆಲಸವಲ್ಲ, ಮೇಜಿನ ಬಿಗಿಪಟ್ಟುಗಳ ಕೆಲಸ. ಮೇಲಿನಿಂದ ನೋಡಿದರೆ ಅಲಗು ಪ್ರದಕ್ಷಿಣವಾಗಿ ತಿರುಗುತ್ತದೆ. ಆದುದರಿಂದ ನಮಗೆ ಹತ್ತಿರವಾದ ಅಂಚಿನಲ್ಲಿ ಯಂತ್ರವನ್ನು ಎಡದಿಂದ ಬಲಕ್ಕೆ ನಡೆಸಬೇಕು; ತಿರುಗಾಮುರುಗಾ ನಡೆಸಿದರೆ ಅಲಗು ಮರವನ್ನು ಹತ್ತಿ ತಾನೇ ಓಡತೊಡಗುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಬೇಕು. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಲ್ಲೊಂದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಸಾರಿದೆ. ಹೆಬ್ಬೆರಳು ನೋಯುವ ದಿನ ಯಂತ್ರವನ್ನು ಪೆಟ್ಟಿಗೆಯಲ್ಲಿಯೇ ಬಿಡುವುದು ಎಲ್ಲಕ್ಕಿಂತ ಮೇಲು. ಅಂತಹ ದಿನ ಮಾಡುವುದಕ್ಕೆ ಉಪ್ಪುಕಾಗದದ ಕೆಲಸ ಬೇಕಾದಷ್ಟಿರುತ್ತದೆ.

ತೊಟ್ಟಿಲಿನ ಅಂಚು ಒಂದೇ ಬೆಳಗ್ಗೆ ಮುಗಿಯಿತು. ಕಚ್ಚು ಬಿದ್ದ ಹಲಗೆಯನ್ನು ಎಸೆದು ಬೇರೊಂದನ್ನು ತರೋಣವೆಂದು ನಾವೆಂದರೆ ಮನೆಯಾಕೆ ಒಪ್ಪಲಿಲ್ಲ. ಆ ಜಾಗಕ್ಕೆ ಬೀಟೆಯ ತುಂಡೊಂದನ್ನು ಕೂರಿಸಿ, ಅಂಟು ಒಣಗಿದ ಮೇಲೆ ಉಳಿಯಿಂದ ಸವರಿ, ಉಳಿದ ಅಂಚಿನೊಡನೆ ದುಂಡಗೆ ಮಾಡಿದೆವು. ತೇಗದ ಹೊಂಬಣ್ಣದ ನಡುವೆ ಕಪ್ಪಗೆ ಬಿದಿಗೆಯ ಚಂದ್ರನಂತೆ ಅದು ಕಾಣುತ್ತದೆ. ನಾಮಕರಣದ ದಿನ ಬಂದವರೆಲ್ಲ ಅದನ್ನು ಅಲಂಕಾರವೆಂದು ಹೊಗಳಿದರು. ನಾವು ಮನೆಯಾಕೆಯ ಮುಖವನ್ನು ನೋಡಿದೆವು. ಅವರು ಏನೂ ಹೇಳಲಿಲ್ಲ.

ಮಗುವಿಗೆ ಈಗ ಏಳನೆಯ ತಿಂಗಳು. ಎದ್ದು ಕುಳಿತು ತೊಟ್ಟಿಲಿನ ಅಂಚನ್ನು ಎರಡು ಕೈಯಿಂದಲೂ ಹಿಡಿದುಕೊಂಡು ನಮ್ಮನ್ನು ನೋಡಿ ನಗುತ್ತಾಳೆ. ಅವಳಿಗೆ ಆ ಅಂಚೇ ಹಿಡಿ. ಅದು ಅಲುಗೀತೆಂದಾಗಲಿ ಚುಚ್ಚೀತೆಂದಾಗಲಿ ಅವಳಿಗೆ ಸಂಶಯವಿಲ್ಲ. ಹೀಗೆ ಸಂಶಯವಿಲ್ಲದೆ ಹಿಡಿಯುವವರಿಗಾಗಿ ಹಿಡಿ ಮಾಡುವವರು ತಾವು ಎಷ್ಟು ಸಂಶಯಪಟ್ಟರೂ ಕಡಿಮೆಯೇ. ಕೊಟ್ಟಿಗೆಗೆ ಹೋದಾಗಲೆಲ್ಲ ನಾವು ಯಂತ್ರವನ್ನು ಮುಟ್ಟುವುದಕ್ಕೆ ಮುಂಚೆ ಸಾಕ್ಷಿಗೆರೆಯನ್ನು ಒಮ್ಮೆ ನೋಡುತ್ತೇವೆ. ಅಡುಗೆಮನೆಯಲ್ಲಿ ಹಿಡಿ ಅಲುಗುತ್ತಿದ್ದ ಬಾಣಲೆಗೂ ಹೊಸ ನಟ್ಟನ್ನು ಹಾಕಿಕೊಟ್ಟು, ಅದರ ಮೇಲೆಯೂ ಒಂದು ಗೆರೆಯನ್ನು ಎಳೆದಿದ್ದೇವೆ.